ಕಡಲು ಬರೆದವನ ಹಣೆಯ ಗಂಧ

ನನ್ನ ಕಸುಬಿನ ಗುಟ್ಟು ಹೇಳಿದರೆ ನಮ್ಮ ಜನ ಮೂಗು ಮುರಿಯುತ್ತಾರೆ. ಅದಕ್ಕೇ ಇಪ್ಪತ್ತೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ನ್ಯೂಜೆರ್ಸಿಯ ಮೆಟುಚೆನ್ನಿನಲ್ಲಿ ಯಾರದೋ ಮನೆಯ ಅರಿಸಿನ ಕುಂಕುಮಕ್ಕೆ ಹೋದಾಗ, "ಆಂಟಿ, ನೀವೇನ್ ವರ್ಕ್ ಮಾಡ್ತೀರಾ?" ಎಂದು ಯಾವಳಾದರೂ ಹುಡುಗಿ ಕೇಳುತ್ತಿದ್ದಳು. "ಹಳೇ ಪೇಂಟಿಂಗ್ ಕ್ಲೀನ್ ಮಾಡ್ತೀನಮ್ಮ." "ಓ, ಕೆಮಿಕಲ್ಸ್ ಎಲ್ಲಾ ಯೂಸ್ ಮಾಡ್ತೀರಾ?" "ಮಾಡ್ತೀವಿ." ಅಷ್ಟರಲ್ಲಿ ಕೋಸಂಬರಿ ಬರುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಕೆಮಿಕಲ್ಸ್ ಬಳಸುವುದೂ ಉಂಟು. ಆದರೆ ನೂರೈವತ್ತು ವರ್ಷದ ಎಣ್ಣೆಬಣ್ಣದ ಮೇಲೆ ಕೂತ ಹೊಗೆ, ಜಿಡ್ಡು, ಧೂಳನ್ನು ಬಣ್ಣಕ್ಕೆ ನೋವಾಗದ ಹಾಗೆ ತೆಗೆಯುವುದಕ್ಕೆ ಮನುಷ್ಯನ ಉಗುಳಿನಂಥ ಸಾಮಗ್ರಿ ಇನ್ನೊಂದಿಲ್ಲ. ಅದು ಮೈಬಿಸಿಯಷ್ಟೇ ಬಿಸಿ, ನೀರಿಗಿಂತ ತುಸು ಮಂದ. ಬಣ್ಣದ ಬಿರುಕಿನೊಳಕ್ಕೆ ಹರಿಯದೆ ಮೇಲೆಯೇ ನಿಂತು ಕೊಳೆಯನ್ನು ಸಡಿಲಿಸುತ್ತದೆ. ಸಣ್ಣ ಕಡ್ಡಿಯ ತುದಿಗೆ ಹತ್ತಿ ಸುತ್ತಬೇಕು, ನಾಲಿಗೆಯ ಮೇಲೆ ಒಂದು ಸಲ ಉರುಳಿಸಬೇಕು, ಚಿತ್ರದ ಮೇಲೆ ಕಡಲೆಕಾಳಿನಷ್ಟು ಜಾಗದಲ್ಲಿ ಉರುಳಿಸಬೇಕು. ಉಜ್ಜಬಾರದು. ಹತ್ತಿ ಕಪ್ಪಾದರೆ ಎಸೆದು ಹೊಸ ಕಡ್ಡಿ. ಚಿತ್ರಕ್ಕೆ ತಾಕಿದ್ದು ಮತ್ತೆ ಬಾಯಿಗೆ ಹೋಗಬಾರದು.

ನ್ಯೂಯಾರ್ಕಿನಲ್ಲಿ ನನಗೆ ಕೆಲಸ ಕಲಿಸಿದ ಹೆಂಗಸು ಮೊದಲ ದಿನ ಇದನ್ನು ಮಾಡಿ ತೋರಿಸಿದಾಗ ನಾನು ಮುಖ ತಿರುಗಿಸಿದ್ದೆ. ನಾನು ಧಾರವಾಡದ ಮಡಿ ಮನೆಯವಳು. ನೀರಿನ ತಂಬಿಗೆ ತುಟಿಗೆ ತಾಕಿತೆಂದು ಬೈಸಿಕೊಂಡು, ತಲೆ ಎತ್ತಿ ಮೇಲಿನಿಂದ ನೀರು ಹೊಯ್ದುಕೊಂಡು ಬೆಳೆದವಳು. ವಾರದಲ್ಲಿ ರೂಢಿಯಾಯಿತು, ತಿಂಗಳಲ್ಲಿ ಪ್ರೀತಿ ಬಂತು. ನಿನ್ನದು ಒಳ್ಳೆಯ ಬಾಯಿ ಎಂದು ಆಕೆ ಹೊಗಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಾಯಿ ಸ್ವಲ್ಪ ಆರಿತೆನ್ನಿಸಿದರೆ ನಮ್ಮವ್ವನ ಮಾವಿನಕಾಯಿ ಉಪ್ಪಿನಕಾಯಿ ನೆನೆಸಿಕೊಳ್ಳುತ್ತಿದ್ದೆ. ನೆನೆಸಿದರೆ ಸಾಕು, ಇನ್ನೊಂದು ತಾಸಿಗಾಗುವಷ್ಟು ನೀರೂರುತ್ತಿತ್ತು. ಅದೇ ಅವ್ವ ಫೋನಿನಲ್ಲಿ "ಯಾತರಿಂದ ಒರಸ್ತೀ ಆ ಪಟಾನೆಲ್ಲಾ?" ಎಂದು ಕೇಳಿದರೆ, "ಒಂದ ನಮೂನಿ ಔಷಧ ಇರ್ತದವ್ವಾ" ಎಂದು ಹೇಳಿ ಜಾರಿಕೊಂಡಿದ್ದೆ.

ಹೋದ ವರ್ಷದ ಚಳಿಗಾಲದಲ್ಲಿ ನನ್ನ ಕತ್ತಿನ ಎಡಕ್ಕೆ ಹುಣಸೆಬೀಜದಷ್ಟು ಗಂಟು ಕಾಣಿಸಿತು. ಏಳು ವಾರ ರೇಡಿಯೇಷನ್ ಕೊಟ್ಟರು. ಗಂಟು ಕರಗಿತು. ಡಾಕ್ಟರು ಸಂತೋಷಪಟ್ಟರು, ನಮ್ಮ ಮನೆಯವರು ಸಂತೋಷಪಟ್ಟರು, ಪಕ್ಕದ ಊರು ಮನ್ರೋದ ಗೆಳತಿ ಶಾವಿಗೆ ಪಾಯಸ ಮಾಡಿಕೊಂಡು ಬಂದಳು. ಆ ಪಾಯಸ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಉಗುಳು ಕೊಡುವ ಗ್ರಂಥಿಗಳು ಗಂಟಿನ ಜೊತೆಗೇ ಸುಟ್ಟುಹೋಗಿದ್ದವು. ವರ್ಷದೊಳಗೆ ಸ್ವಲ್ಪ ವಾಪಸು ಬರಬಹುದು, ಬರದೆಯೂ ಇರಬಹುದು, ಮುಖ್ಯವಾಗಿ ಜೀವ ಉಳಿದಿದೆಯಲ್ಲ ಎಂದರು ಡಾಕ್ಟರು. ಉಗುಳು ಬರಿಸುವ ಗುಳಿಗೆ ಕೊಟ್ಟರು. ಅದರಿಂದ ಅಂಗೈ ಬೆವರಿತು, ಬೆನ್ನು ಬೆವರಿತು, ಬಾಯಿ ಮಾತ್ರ ಹಾಗೆಯೇ ಉಳಿಯಿತು.

ಮಾರ್ಚ್ ತಿಂಗಳಲ್ಲಿ ಕೊಲ್ಲಿಯ ದಡದ ಒಂದು ಸಣ್ಣ ಊರಿನಿಂದ ಹೆಂಗಸೊಬ್ಬರು ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಗೆ ಬಂದರು. ಆ ಊರಿನ ಇತಿಹಾಸ ಸಂಘ ನೋಡಿಕೊಳ್ಳುವವರು. ಕಾರಿನ ಹಿಂದಿನ ಸೀಟಿನಲ್ಲಿ, ಕಂಬಳಿ ಹೊದಿಸಿ, ಸೀಟ್ ಬೆಲ್ಟ್ ಕಟ್ಟಿ ಒಂದು ಚಿತ್ರ ತಂದಿದ್ದರು. ಅವರ ಊರಲ್ಲೇ ಬದುಕಿ ಸತ್ತ ಒಬ್ಬ ಚಿತ್ರಗಾರನ ಭಾವಚಿತ್ರ. ಆತ ಜೀವಮಾನವೆಲ್ಲ ಕಡಲು, ಹಡಗು, ಹಡ್ಸನ್ ನದಿಯ ಗುಡ್ಡಗಳನ್ನು ಬರೆದವನಂತೆ. ಬರೆದದ್ದೆಲ್ಲ ಎಲ್ಲೆಲ್ಲಿಗೋ ಹೋಗಿದೆ. ಸಂಘದಲ್ಲಿ ಉಳಿದಿರುವುದು ಅವನ ಮುಖ ಮಾತ್ರ, ಅದೂ ಗೆಳೆಯನೊಬ್ಬ ಬರೆದದ್ದು. ನವೆಂಬರಿನಲ್ಲಿ ರಿಪೇರಿಯಾದ ಹಾಲ್ ತೆರೆಯುತ್ತೇವೆ, ಬಾಗಿಲೆದುರಿಗೆ ಇವನನ್ನು ತೂಗುಹಾಕಬೇಕು ಎಂದರು.

ನನ್ನ ಬಾಯಿಯ ಕಥೆ ನಾನು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತು. ಮನಸ್ಸಿನಲ್ಲಿ ನಾನು ಒಂದು ಪಣ ಕಟ್ಟಿದ್ದೆ. ಈ ಮುಖವನ್ನು ಶುಚಿ ಮಾಡಲು ಆದರೆ ನಾನು ಇನ್ನೂ ಈ ಕಸುಬಿನವಳು. ಆಗದಿದ್ದರೆ ದೀಪ, ಭೂತಗನ್ನಡಿ, ಹತ್ತಿ ಎಲ್ಲ ಕಟ್ಟಿಟ್ಟು ಬಾಗಿಲು ಹಾಕಿಬಿಡುವುದು. ಐವತ್ತು ವರ್ಷದವಳಿಗೆ ಬೇರೆ ಏನೂ ಮಾಡಲು ಬರುವುದಿಲ್ಲ, ಮಾಡುವ ಮನಸ್ಸೂ ಇರಲಿಲ್ಲ.

ಚಿತ್ರವೆಲ್ಲ ಹಳೆಯ ಬೆಲ್ಲದ ಪಾಕ ಬಳಿದ ಹಾಗೆ ಕಂದಾಗಿತ್ತು. ಕಪ್ಪು ಕೋಟಿನ ಮುದುಕ, ಕೈಯಲ್ಲಿ ಕುಂಚ. ಎಡಗಡೆ ಕೆಳಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಅವನು ಬರೆಯುತ್ತಿರುವ ಅಂಗೈಯಗಲದ ಕಡಲು. ಕಡಲೆಂದು ಅವರು ಹೇಳಿದ್ದರಿಂದ ಗೊತ್ತು, ನೋಡಿದರೆ ಕೆಸರಿನಂತೆ ಕಾಣುತ್ತಿತ್ತು. ಕೋಟು, ಹಿನ್ನೆಲೆ, ಕೈ ಇವೆಲ್ಲ ಮಾಮೂಲಿ ದ್ರಾವಣಕ್ಕೆ ಬಗ್ಗಿದವು, ಮೇ ಹೊತ್ತಿಗೆ ಮುಗಿದವು. ಮುಖ ಮತ್ತು ಆ ಕಡಲು ಬಗ್ಗಲಿಲ್ಲ. ಆ ಗೆಳೆಯ ಅಲ್ಲಿ ಬಣ್ಣವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಪದರ ಪದರವಾಗಿ ಹಚ್ಚಿದ್ದ. ಉಗುಳಿಗೆ ಬದಲಾಗಿ ಲ್ಯಾಬಿನಲ್ಲಿ ಕಲಸುವ ದ್ರಾವಣವಿದೆ, ಅದನ್ನೂ ಕಿವಿಯ ಹತ್ತಿರ ಒಂದು ಚುಕ್ಕೆ ಹಚ್ಚಿ ನೋಡಿದೆ. ಹತ್ತಿಗೆ ಕೊಳೆಯ ಜೊತೆ ಅವನ ಕೆನ್ನೆಯ ಕೆಂಪೂ ಬಂತು. ಅಲ್ಲಿಗೇ ನಿಲ್ಲಿಸಿದೆ. ಉಳಿದದ್ದು ಒಂದೇ ದಾರಿ, ನನ್ನ ಬಾಯಿ. ಆ ಬಾಯಿ ದಿನಕ್ಕೆ ಆರು ಕಡ್ಡಿಗಾಗುವಷ್ಟು ಕೊಡುತ್ತಿತ್ತು, ಮುಖಕ್ಕೆ ನೂರಾರು ಬೇಕು.

ಮೇ ತಿಂಗಳಲ್ಲೇ ಅವ್ವ ಬಂದಳು. ಎಪ್ಪತ್ತಾರು ವರ್ಷದವಳು. ನನಗೆ ಅಡಿಗೆ ಮಾಡಿ ಹಾಕುತ್ತೇನೆಂದು, ಊರಲ್ಲಿರುವ ನನ್ನ ಅಣ್ಣನಿಗೆ ಹೇಳಿ, ಆರು ತಿಂಗಳಿಗೆ ಬಂದಿದ್ದಳು. ಬಂದ ಮರುದಿನವೇ ಅಡಿಗೆಮನೆ ಅವಳದಾಯಿತು. ಸ್ನಾನವಾಗದೆ ಫ್ರಿಜ್ ಮುಟ್ಟಬಾರದು, ಎಂಜಲು ತಟ್ಟೆ ಸಿಂಕಿನ ಎಡಗಡೆ, ಮಡಿ ನೀರು ಬೇರೆ. ನಮ್ಮ ಮನೆಯವರು ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರು, ಬೆಳಿಗ್ಗೆ ಆರಕ್ಕೇ ಕಾಫಿ ಬೇಕು. ಪಾಪ, ಸ್ಟೇಷನ್ನಿನಲ್ಲಿ ಕುಡಿಯಲು ಶುರು ಮಾಡಿದರು.

ಜೂನಿನ ಒಂದು ಬೆಳಿಗ್ಗೆ ನಾನು ಹಿಂದಿನ ಸನ್‌ರೂಮಿನಲ್ಲಿ ಮುದುಕನ ಗದ್ದದ ಎದುರು ಕೂತಿದ್ದೆ. ಕಡ್ಡಿ ನಾಲಿಗೆಯ ಮೇಲೆ ಉರುಳಿಸಿ ತೆಗೆಯುವ ಹೊತ್ತಿಗೆ ಸರಿಯಾಗಿ ಅವ್ವ ಗಂಜಿ ತಗೊಂಡು ಬಂದಳು.

"ಏನ ಮಾಡ್ಲಿಕ್ಕತ್ತೀ?"

"ಕೆಲಸ, ಅವ್ವಾ."

"ಬಾಯಾಗಿಂದು ತಗದು ಅವರ ಮಾರಿಗೆ ಹಚ್ಚತೀ?"

ನಾನು ಕಡ್ಡಿ ಕೆಳಗಿಟ್ಟೆ.

"ಇದs ಏನು ನಿನ್ನ ಔಷಧ? ಎಷ್ಟ ವರ್ಷಾತು ಹಿಂಗ ಮಾಡ್ಲಿಕ್ಕತ್ತು?"

"ಇಪ್ಪತ್ತೆರಡು."

ಗಂಜಿಯ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು. ಸಂಜೆ ದೇವರಿಗೆ ದೀಪ ಹಚ್ಚಿ, ಬತ್ತಿ ಸರಿಮಾಡುತ್ತ, ನನ್ನ ಕಡೆ ನೋಡದೆ ಅಂದಳು. "ಸತ್ತವರ ಮಾರಿಗೆ ಎಂಜಲ ಹಚ್ಚಿದ್ರ ಬಾಯಿ ಒಣಗದ ಮತ್ತೇನಾಗ್ತದ? ಅವರ ಶಾಪ ತಟ್ಟೇದ ನಿನಗ."

ಗಾಯದ ಮೇಲೆ ಬರೆ ಎಂದರೆ ಇದೇ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಹಾಗಾದರೆ ಡಾಕ್ಟರನ್ನು ಬಿಟ್ಟು ನಿನ್ನ ಪಂಚಾಂಗದವರನ್ನೇ ಕರೆಸು ಅಂದೆ, ನೀನು ಬಾರದಿದ್ದರೇ ಚೆನ್ನಾಗಿತ್ತು ಅಂದೆ. ಅವಳು ಬತ್ತಿ ಹಿಡಿದ ಕೈ ಹಿಂದಕ್ಕೆ ತೆಗೆದುಕೊಂಡಳು, ಅಷ್ಟೇ. ನನ್ನನ್ನು ಹೆದರಿಸಿದ್ದು ಬೇರೆ. ಮರುದಿನ ಚಿತ್ರದ ಮುಂದೆ ಕೂತಾಗ, ಇಪ್ಪತ್ತೆರಡು ವರ್ಷದಲ್ಲಿ ನಾನು ಒರೆಸಿದ ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೆ. ಮದುವಣಗಿತ್ತಿಯರು, ಪಾದ್ರಿಗಳು, ತೊಟ್ಟಿಲಲ್ಲೇ ಸತ್ತ ಒಂದು ಕೂಸು. ಅವರಲ್ಲಿ ಯಾರಿಗೆ ಸಿಟ್ಟು ಬಂದಿರಬಹುದು ಎಂದು ಹುಡುಕುತ್ತಿದ್ದೆ. ಓದಿದವಳು, ಹಡೆದವ್ವನನ್ನು ಬೈದವಳು, ನಾನೂ ಅದನ್ನು ಒಳಗೊಳಗೇ ನಂಬಿಬಿಟ್ಟಿದ್ದೆ.

ಬೇಸಿಗೆ ಹಾಗೆಯೇ ಕಳೆಯಿತು. ಆರು ಕಡ್ಡಿ ನಾಲ್ಕಾಯಿತು. ಉಪ್ಪಿನಕಾಯಿ ನೆನೆಸಿಕೊಂಡರೆ ಕಿವಿಯ ಬುಡದಲ್ಲಿ ಚುಚ್ಚಿದಂತಾಗುತ್ತಿತ್ತು, ನೀರು ಬರುತ್ತಿರಲಿಲ್ಲ. ಅವ್ವ ಮಾಡಿದ ಭಕ್ರಿಯನ್ನು ಸಾರಿನಲ್ಲಿ ಮುಳುಗಿಸಿ, ಅದು ಅಂಬಲಿಯಾದ ಮೇಲೆ ಕುಡಿಯುತ್ತಿದ್ದೆ.

ಆಗಸ್ಟಿನ ಒಂದು ಶನಿವಾರ ಅವ್ವ ನನಗೆ ದೃಷ್ಟಿ ತೆಗೆಯಲು ಕೂತಳು. ಬೇಡವೆಂದು ವಾದಿಸುವ ತ್ರಾಣ ನನಗಿರಲಿಲ್ಲ. ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿತೆಗೆದು ಮುಷ್ಟಿ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಮೂರು ಸಲ ಉಗುಳು. ಥೂ ಅನ್ನು."

"ಥೂ," ಎಂದೆ. ಒಣಗಿದ ಎಲೆಗೆ ಗಾಳಿ ಬಡಿದಂಥ ಸದ್ದು. ಮತ್ತೆರಡು ಸಲ ಅಂದೆ. ಸಣ್ಣವಳಿದ್ದಾಗ ಹೀಗೆ ಉಗುಳಿದರೆ ಅವ್ವನ ಕೈಯಲ್ಲಿನ ಉಪ್ಪು ಒದ್ದೆಯಾಗಿ ಕರಗುತ್ತಿತ್ತು. ಈ ಸಲ ಹರಳು ಹರಳಾಗಿ ಹಾಗೆಯೇ ಇತ್ತು. ಅವ್ವ ಬಹಳ ಹೊತ್ತು ಆ ಉಪ್ಪನ್ನೇ ನೋಡಿದಳು. ನನ್ನ ಬಾಯಿ ಎಷ್ಟು ಬತ್ತಿದೆ ಎಂದು ಅವಳಿಗೆ ಖರೆ ತಿಳಿದದ್ದು ಅಂದೇ ಎಂದು ಕಾಣುತ್ತದೆ. ಒಲೆಯ ಮೇಲೆ ಹಾಕಿದರೆ ಸ್ಮೋಕ್ ಅಲಾರಂ ಕೂಗುತ್ತದೆಂದು ಹಿಂದಿನ ಹುಲ್ಲಿಗೆ ಹೋಗಿ ಎಸೆದು ಬಂದಳು.

ಸೆಪ್ಟೆಂಬರಿನಲ್ಲಿ ದಿನಕ್ಕೆ ಒಂದು ಕಡ್ಡಿಯೂ ಒದ್ದೆಯಾಗದ ಹಾಗಾಯಿತು. ಮುದುಕನ ಗದ್ದದ ಮೇಲೆ ಬೆರಳಗಲ ಜಾಗ ಶುಚಿಯಾಗಿತ್ತು. ಮಿಕ್ಕ ಮುಖವೆಲ್ಲ ಕಂದು. "ವಾಪಸ್ ಕೊಟ್ಬಿಡು, ಒಂದು ಚಿತ್ರ ತಾನೇ, ರೆಸ್ಟ್ ತಗೋ," ಎಂದರು ನಮ್ಮ ಮನೆಯವರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವರಿಗೆ ಅದು ಒಂದು ಚಿತ್ರ. ಸಂಘದವರಿಗೆ ಇಮೇಲ್ ಬರೆದೆ, ನನ್ನಿಂದ ಆಗುವುದಿಲ್ಲ, ಕ್ಷಮಿಸಿ ಎಂದು. ಕಳಿಸುವ ಧೈರ್ಯವಾಗಲಿಲ್ಲ. ಅದು ಹಾಗೆಯೇ ಕೂತಿತ್ತು, ದಿನಾ ತೆರೆದು ಓದುತ್ತಿದ್ದೆ.

ಮಹಾಲಯ ಅಮಾವಾಸ್ಯೆಯ ದಿನ ನನಗೆ ಆಸ್ಪತ್ರೆಯಲ್ಲಿ ತಪಾಸಣೆಯಿತ್ತು. ವರ್ಷವಾಗುತ್ತ ಬಂತು, ಇನ್ನು ಹೆಚ್ಚಿನ ಸುಧಾರಣೆ ನಿರೀಕ್ಷಿಸುವಂತಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಮ್ಮ ಮನೆಯವರು ನನ್ನನ್ನು ಮನೆಯ ಬಾಗಿಲಲ್ಲಿ ಇಳಿಸಿ ಆಫೀಸಿನ ಕೆಲಸವಿದೆಯೆಂದು ಸ್ಟೇಷನ್ನಿಗೆ ಹೋದರು. ಒಳಗೆ ಕಾಲಿಡುತ್ತಲೇ ಗಂಧ ತೇದ ವಾಸನೆ ಬಂತು. ಸನ್‌ರೂಮಿನ ಬಾಗಿಲು ತೆರೆದಿತ್ತು.

ಮುದುಕನ ಹಣೆಯ ನಟ್ಟನಡುವೆ ರೂಪಾಯಿಯಗಲದ ಗಂಧ. ಅದರ ಮೇಲೆ ಎರಡು ಅಕ್ಷತೆ ಕಾಳು. ಚೌಕಟ್ಟಿನ ಸಂದಿಯಲ್ಲಿ ತುಳಸಿಯ ಕುಡಿ. ಕೆಳಗೆ ಮಣೆಯ ಮೇಲೆ ಎಲೆ ಹಾಕಿ ಅನ್ನ, ತೊವ್ವೆ, ವಡೆ, ಪಾಯಸ. ಅವ್ವ ಮಡಿ ಸೀರೆಯಲ್ಲಿ ಕೈಮುಗಿದು ನಿಂತಿದ್ದಳು.

"ಅವರ ಮಂದಿ ಅನ್ನವ್ರು ಯಾರೂ ಇಲ್ಲ, ಎಡಿ ಇಡವ್ರು," ಎಂದಳು ನನ್ನ ಕಡೆ ತಿರುಗಿ. "ಇವತ್ತ ಎಲ್ಲಾ ಹಿರೇರಿಗೂ ಇಡೂ ದಿವಸ. ನಾನs ಇಟ್ಟೆ. ನನ್ನ ಮಗಳು ತಿಳೀದs ಎಂಜಲ ಹಚ್ಚ್ಯಾಳ, ಹೊಟ್ಟ್ಯಾಗ ಹಾಕ್ಕೋರಿ, ಆಕೀ ಬಾಯಿ ಆಕೀಗೆ ಕೊಟ್ಟಬಿಡ್ರಿ ಅಂತ ಕೇಳ್ಕೊಂಡೆ."

ಸತ್ತವರ ಪಟ ಕಂಡರೆ ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದು ಇದೇ, ಒರೆಸಿ ಹಣೆಗೆ ಗಂಧ ಇಡುವುದು. ಗಾಜಿನ ಹಿಂದಿರುವ ನಮ್ಮಪ್ಪನ ಫೋಟೋಗೆ ದಿನಾ ಇಟ್ಟ ಕೈ ಅದು. ಇಲ್ಲಿ ಗಾಜಿಲ್ಲ, ಬರೀ ಬಣ್ಣ, ಅದರಲ್ಲಿ ಕೂದಲೆಳೆಯಂಥ ಬಿರುಕುಗಳು. ಗಂಧದಲ್ಲಿರುವುದು ನೀರು ಮತ್ತು ಮರದ ಪುಡಿ. ಅಂಚು ಆಗಲೇ ಒಣಗುತ್ತಿತ್ತು, ನಡುವೆ ಇನ್ನೂ ಹಸಿ. ಪೂರ್ತಿ ಒಣಗಿದರೆ ಪುಡಿ ಬಿರುಕಿನಲ್ಲಿ ಕಚ್ಚಿಕೊಳ್ಳುತ್ತದೆ, ಕಿತ್ತರೆ ಹಣೆಯೂ ಜೊತೆಗೆ ಬರುತ್ತದೆ. ನೀರು ಹಚ್ಚಿದರೆ ಬಿರುಕಿನೊಳಕ್ಕೆ ಹರಿಯುತ್ತದೆ. ದ್ರಾವಣ ಹಚ್ಚಿದರೆ ಬಣ್ಣ ಏಳುತ್ತದೆ.

ಕಡ್ಡಿಗೆ ಹತ್ತಿ ಸುತ್ತಿ ನಾಲಿಗೆಯ ಮೇಲೆ ಇಟ್ಟೆ. ಹತ್ತಿ ನಾಲಿಗೆಗೇ ಅಂಟಿಕೊಂಡಿತು, ಎಳೆದರೆ ಚರ್ಮ ಕಿತ್ತಂತಾಯಿತು. ಉಪ್ಪಿನಕಾಯಿ ನೆನೆಸಿದೆ, ನಿಂಬೆಹಣ್ಣು ನೆನೆಸಿದೆ, ಶಾಲೆಯ ಮುಂದೆ ಮಾರುತ್ತಿದ್ದ ಉಪ್ಪುಖಾರ ಹಚ್ಚಿದ ನೆಲ್ಲಿಕಾಯಿ ನೆನೆಸಿದೆ. ಏನೂ ಬರಲಿಲ್ಲ. ಕಣ್ಣಲ್ಲಿ ಬೇಕಾದಷ್ಟು ನೀರಿತ್ತು, ಅದು ಉಪ್ಪು, ಕೆಲಸಕ್ಕೆ ಬಾರದು.

"ಒಂದು ಮಾರಿ ಉಳಿದಿತ್ತು ನನಗ," ಎಂದು ಕಿರುಚಿದೆ. "ಒಂದs ಒಂದು. ಅದನ್ನೂ ಹಾಳ ಮಾಡಿದಿ. ಇನ್ನ ನನ್ನ ಕೈಯಾಗ ಏನೂ ಇಲ್ಲ, ಆತಿಲ್ಲೊ ನಿನ್ನ ಸಮಾಧಾನ?" ಆಮೇಲೆ ನೆಲದ ಮೇಲೆ ಕೂತು, ಎಲೆಯಲ್ಲಿನ ಪಾಯಸದ ಪಕ್ಕದಲ್ಲೇ, ಸದ್ದು ಮಾಡಿ ಅತ್ತೆ. ಗಂಟು ಬಂದಾಗಲೂ ಹಾಗೆ ಅತ್ತಿರಲಿಲ್ಲ.

ಅವ್ವ ಗಾಬರಿಯಾಗಿ ಹಣೆಯನ್ನೂ ನನ್ನನ್ನೂ ನೋಡಿದಳು. ಏನು ತಪ್ಪಾಯಿತೆಂದು ಅವಳಿಗೆ ಗೊತ್ತಾಗಲಿಲ್ಲ, ತಪ್ಪಾಯಿತೆಂದು ಗೊತ್ತಾಯಿತು.

"ಹೆಂಗ ತಗೀತಾರ ಅದನ್ನ?"

"ಉಗುಳಿನಿಂದ. ಇಲ್ಲಲ್ಲ ನನ್ನ ಹತ್ರ!"

"ನಿಂದs ಆಗಬೇಕೇನು?" ಎಂದಳು. "ಯಾರದರೆ ನಡೀತದೇನು?"

ನಾನು ತಲೆಯೆತ್ತಿದೆ.

"ನಾ ಮುಂಜಾನಿಂದ ಏನೂ ತಿಂದಿಲ್ಲ. ನೀರೂ ಕುಡದಿಲ್ಲ. ಬಾಯಿ ತೊಳಕೊಂಡೀನಿ, ಮಡಿಲೆ ಇದ್ದೀನಿ." ಇದನ್ನು ಹೇಳುವಾಗ ಅವಳ ಮುಖ ಕೆಂಪಾಯಿತು. "ಕೊಡು ಆ ಕಡ್ಡಿ."

ಅವಳು ಮುದುಕನಿಗೆ ಬೆನ್ನು ತಿರುಗಿಸಿ ನಿಂತಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಸೆರಗಿನ ಕೆಳಗಿನಿಂದ ಕಡ್ಡಿ ಹೊರಗೆ ಬಂತು. ಹತ್ತಿ ಒದ್ದೆಯಾಗಿತ್ತು, ಬೆಚ್ಚಗಿತ್ತು. ಎರಡು ಬೆರಳಿನ ನಡುವೆ ಅದನ್ನು ಹಿಡಿದಾಗ ನನ್ನ ಮೈ ಜುಮ್ಮೆಂದಿತು. ಎಷ್ಟು ತಿಂಗಳಾಗಿತ್ತು ಅಂಥ ಕಡ್ಡಿ ಹಿಡಿದು. ಅಂಚಿನಿಂದ ಶುರು ಮಾಡಿದೆ, ಉರುಳಿಸಿದೆ, ಎಸೆದೆ, ಕೈ ಹಿಂದಕ್ಕೆ ಚಾಚಿದೆ. ಇನ್ನೊಂದು ಕಡ್ಡಿ ಕೈಗೆ ಬಂತು. ಸಾಯಂಕಾಲದ ಬೆಳಕು ಕಡಿಮೆಯಾಗುವವರೆಗೂ ಹೀಗೇ ನಡೆಯಿತು. ಅನ್ನ ತೊವ್ವೆ ಆರಿ ಕಲ್ಲಾಯಿತು.

ಗಂಧ ಬಂತು. ಗಂಧದ ಜೊತೆ ನೂರೈವತ್ತು ವರ್ಷದ ಕಂದೂ ಬಂತು. ಅವನ ಹಣೆ ತೆಳು ಗುಲಾಬಿ, ಕಣತಲೆಯ ಹತ್ತಿರ ಒಂದು ನೀಲಿ ನರ, ಹುಬ್ಬಿನ ಮೇಲೆ ಬಿಸಿಲಿಗೆ ಬಂದ ಮಚ್ಚೆ. ನಡುವಿನ ಒಂದು ಬಿರುಕಿನಲ್ಲಿ ಮಾತ್ರ ಗಂಧದ ಹಳದಿ ಕಣವೊಂದು ಉಳಿಯಿತು. ಅದನ್ನು ತೆಗೆಯಲು ಹೋದರೆ ಬಣ್ಣ ಏಳುತ್ತಿತ್ತು, ಬಿಟ್ಟೆ. ಭೂತಗನ್ನಡಿ ಹಿಡಿದರೆ ಈಗಲೂ ಕಾಣುತ್ತದೆ.

ಮರುದಿನ ಬೆಳಿಗ್ಗೆ ನಾನು ಕರೆಯುವ ಮೊದಲೇ ಅವ್ವ ಸನ್‌ರೂಮಿನಲ್ಲಿ ಕೂತಿದ್ದಳು. ತನ್ನ ಕಟ್ಟಳೆಗಳನ್ನು ಹೇಳಿದಳು. ಸ್ನಾನವಾದ ಮೇಲೆ, ಕಾಫಿಗೆ ಮೊದಲು. ಏಕಾದಶಿಗೆ ಇಲ್ಲ. ಮುಗಿದ ಮೇಲೆ ಮತ್ತೆ ಸ್ನಾನ. ಊರಿಗೆಲ್ಲ ಎಂಜಲು ಮೈಲಿಗೆ, ನಮ್ಮ ಮನೆಯಲ್ಲಿ ಅದಕ್ಕೂ ಮಡಿ ಬಂತು. ಕಡ್ಡಿಗೆ ಹತ್ತಿ ಸುತ್ತುವುದನ್ನೂ ಅವಳೇ ವಹಿಸಿಕೊಂಡಳು. ಅರವತ್ತು ವರ್ಷ ದೇವರ ಬತ್ತಿ ಹೊಸೆದ ಬೆರಳು. ನಾನು ಇಪ್ಪತ್ತೆರಡು ವರ್ಷದಲ್ಲಿ ಕಲಿಯದ ಹದ ಒಂದೇ ಬೆಳಿಗ್ಗೆ ಅವಳಿಗೆ ಬಂತು. ಮೊದಲ ಕಡ್ಡಿ ಕೊಡುವ ಮೊದಲು ದಿನಾ ಮುದುಕನಿಗೆ ಕೈಮುಗಿದು "ತಪ್ಪ ತಿಳೀಬ್ಯಾಡ್ರಿ ಅಜ್ಜಾ" ಎನ್ನುತ್ತಿದ್ದಳು. ಕೆನ್ನೆ ಬಿಡಿಸಿದ ದಿನ ಅವನನ್ನು ಹತ್ತಿರದಿಂದ ನೋಡಿ, "ಅಯ್ಯ, ಇಂವ ನನಗಿಂತ ಸಣ್ಣಾಂವ ಇದ್ದಾನಲ್ಲ," ಎಂದಳು. ಅಂದಿನಿಂದ ಅಜ್ಜ ಎನ್ನುವುದು ನಿಂತು "ತಪ್ಪ ತಿಳೀಬ್ಯಾಡಪಾ" ಆಯಿತು.

ನನಗೆ ಸಂತೋಷವಾಗಬೇಕಿತ್ತು. ಮುಖ ಹೊರಗೆ ಬರುತ್ತಿತ್ತು, ನನ್ನ ಕೈ ತಪ್ಪಿರಲಿಲ್ಲ. ಆದರೆ ಒಂದೊಂದು ಕಡ್ಡಿ ಬೆಚ್ಚಗೆ ಕೈಗೆ ಬಂದಾಗಲೂ ನನ್ನಲ್ಲಿ ಇಲ್ಲದ್ದು ಏನೆಂದು ಮತ್ತೆ ಗೊತ್ತಾಗುತ್ತಿತ್ತು. ಎಪ್ಪತ್ತಾರರ ಮುದುಕಿಯ ಬಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ದಿನ ಅವಳು ಹತ್ತು ಕಡ್ಡಿಯ ಮೇಲೆ ಸಾಕಾಯಿತು ಎಂದಾಗ ಒಳಗೊಳಗೇ ಖುಷಿಯಾಯಿತು. ಮರುಕ್ಷಣ ದಿಗಿಲಾಯಿತು. ಅವಳಿಗೂ ಬತ್ತಿದರೆ?

"ಬಾಯಿ ಆರಿದ್ರ ಉಪ್ಪಿನಕಾಯಿ ನೆನಸ್ಕೋ ಅವ್ವಾ," ಎಂದು ಹೇಳಿಕೊಟ್ಟೆ.

"ನನಗ ಅದ ಬ್ಯಾಡ. ನಾ ಬ್ಯಾರೆ ನೆನಸ್ಕೋತೀನಿ."

"ಏನು?"

"ಹುಣಸಿಕಾಯಿ." ಸೆರಗಿನೊಳಗಿಂದಲೇ ಹೇಳಿದಳು. "ನೀ ಹೊಟ್ಟ್ಯಾಗಿದ್ದಾಗ ನನಗ ಒಂದs ಸವನ ಹಸೀ ಹುಣಸಿಕಾಯಿ ಬಯಕಿ. ನಿಮ್ಮಜ್ಜಿಗೆ ಕಾಣಧಂಗ ಹಿತ್ತಲದಾಗ ನಿಂತು ತಿಂತಿದ್ದೆ. ಅದನ್ನ ನೆನಸಿದ್ರ ಸಾಕು, ಈಗೂ ಬರ್ತದ." ಮತ್ತೆ ಕಡ್ಡಿ ಹೊರಗೆ ಬಂತು. ನಾನು ಮುದುಕನ ಮೂಗಿನ ಪಕ್ಕದ ನೆರಳಿನ ಮೇಲೆ ಅದನ್ನು ಉರುಳಿಸಿದೆ.

ಅಕ್ಟೋಬರಿನ ಕೊನೆಗೆ ಮುಖ ಮುಗಿಯಿತು. ಒದ್ದೆ ಕಣ್ಣುಗಳ, ಗಾಳಿಗೆ ಒರಟಾದ ಕೆನ್ನೆಯ ಮನುಷ್ಯ. ಉಳಿದದ್ದು ಕೆಳಮೂಲೆಯ ಅಂಗೈಯಗಲದ ಕಡಲು. ಅದಕ್ಕೆ ಇನ್ನೂ ಎಂಟು ಹತ್ತು ಬೆಳಿಗ್ಗೆ ಬೇಕಿತ್ತು. ಅವ್ವನಿಗೆ ಇದ್ದದ್ದು ಎರಡು. ವೀಸಾದ ಆರು ತಿಂಗಳು ಮುಗಿಯುತ್ತ ಬಂದಿತ್ತು, ಎಕ್ಸ್‌ಟೆನ್ಷನ್ನಿಗೆ ಅರ್ಜಿ ಹಾಕೋಣವೆಂದು ನಮ್ಮ ಮನೆಯವರು ಅಂದರೆ ಅವಳು ಒಪ್ಪಲಿಲ್ಲ. ಅಪ್ಪನ ಶ್ರಾದ್ಧ ಹತ್ತಿರ ಬಂದಿತ್ತು, ಅದಕ್ಕೆ ತಾನಿರಲೇಬೇಕು. ಎರಡು ಬೆಳಿಗ್ಗೆಯಲ್ಲಿ ಒಂದು ಏಕಾದಶಿ, ಇನ್ನೊಂದು ಹೊರಡುವ ದಿನ.

"ಒಂದ ಬಾಟ್ಲಿಯೊಳಗ ತುಂಬಿ ಇಟ್ಟ ಹೋಗಲೇನು?" ಎಂದು ನಿಜವಾಗಿ ಕೇಳಿದಳು. ನಾನು ನಕ್ಕುಬಿಟ್ಟೆ. ಎಷ್ಟೋ ತಿಂಗಳ ಮೇಲೆ ನಕ್ಕದ್ದಕ್ಕೆ ತುಟಿಯ ಮೂಲೆ ಬಿರಿದು ರಕ್ತ ಬಂತು. ಅದು ಬಿಸಿಯಾಗಿದ್ದಾಗಲೇ ಆಗಬೇಕವ್ವಾ, ಇಟ್ಟರೆ ಬರುವುದಿಲ್ಲ ಎಂದೆ. "ಮುಂದಿನ ಸರ್ತಿ ಬಂದಾಗ ಮಾಡೋಣಂತ ಬಿಡು, ಎಲ್ಲಿ ಹೋಗ್ತದದು," ಎಂದಳು. ಮುಂದಿನ ವಾರ ಚಿತ್ರ ಹೋಗುತ್ತದೆ ಎಂದು ನಾನು ಹೇಳಲಿಲ್ಲ.

ನ್ಯೂಆರ್ಕ್ ಏರ್‌ಪೋರ್ಟಿನಲ್ಲಿ ವೀಲ್‌ಚೇರಿನವನು ಅವಳನ್ನು ಸೆಕ್ಯೂರಿಟಿಯ ಕಡೆ ತಳ್ಳುವ ಮೊದಲು ನನ್ನನ್ನು ಬಗ್ಗು ಎಂದು ಸನ್ನೆ ಮಾಡಿದಳು. ನಮಸ್ಕಾರಕ್ಕೆಂದುಕೊಂಡು ಬಗ್ಗಿದೆ. ಅವಳು ಸೆರಗಿನ ತುದಿಯನ್ನು ನಾಲಿಗೆಗೆ ತಾಕಿಸಿ, ಒದ್ದೆ ಮಾಡಿ, ನನ್ನ ತುಟಿಯ ಮೂಲೆಯಲ್ಲಿ ಒಣಗಿ ಕೂತ ರಕ್ತವನ್ನು ಒರೆಸಿದಳು. ಉಜ್ಜಲಿಲ್ಲ. ಮೆಲ್ಲಗೆ ಉರುಳಿಸಿದಳು, ನೋಡಿ ಕಲಿತಿದ್ದಳು. ಬೇರೆ ತಾಯಂದಿರು ಮಕ್ಕಳಿಗೆ ಹಾಗೆ ಒರೆಸುವುದನ್ನು ಕಂಡಿದ್ದೆ. ನಮ್ಮವ್ವ ಐವತ್ತು ವರ್ಷದಲ್ಲಿ ಮಾಡಿದ್ದು ಅದೊಂದೇ ಸಲ.

ಸಂಘದ ಹೆಂಗಸು ಬಂದು ಮುಖ ನೋಡಿ ಕಣ್ಣು ಒರೆಸಿಕೊಂಡರು. ಆಮೇಲೆ ಮೂಲೆಯ ಕೆಸರಿಗೆ ಬೆರಳು ತೋರಿಸಿ, ಕಡಲು ಏಕೆ ಹೀಗಿದೆ ಎಂದು ಕೇಳಿದರು. ನಾನು ಕೆಲಸದ ವರದಿ ಕೊಟ್ಟೆ. ಯಾವ ಭಾಗಕ್ಕೆ ಏನು ಬಳಸಿದೆ ಎಂದು ಅದರಲ್ಲಿ ಸುಳ್ಳಿಲ್ಲದೆ ಬರೆಯಬೇಕು. ಕೊನೆಯ ಸಾಲನ್ನು ಅವರು ಗಟ್ಟಿಯಾಗಿ ಓದಿದರು, ಈ ಭಾಗಕ್ಕೆ ಬೇಕಾದ ಸಾಮಗ್ರಿ ಮುಗಿದಿದೆ ಎಂದು. ಬೇರೆ ಎಲ್ಲಿಂದಾದರೂ ತರಿಸಬಹುದೇ ಎಂದು ವಿನಯದಿಂದ ಕೇಳಿದರು. ಇಲ್ಲ ಎಂದೆ. ಇನ್ನು ಮುಂದೆ ಕೆಲಸ ತಗೊಳ್ಳುವುದಿಲ್ಲ ಎಂದೂ ಹೇಳಿದೆ. ಪಣ ಗೆದ್ದದ್ದು ಅವ್ವನ ಬಾಯಿ, ನನ್ನದಲ್ಲ. ಅವರು ಕಂಬಳಿ ಹೊದಿಸಿ, ಸೀಟ್ ಬೆಲ್ಟ್ ಕಟ್ಟಿ ಅವನನ್ನು ಕರೆದುಕೊಂಡು ಹೋದರು.

ದೀಪ, ಭೂತಗನ್ನಡಿ ಎಲ್ಲ ಕಟ್ಟಿಟ್ಟಿದ್ದೇನೆ. ಒಂದು ಡಬ್ಬಿ ಮಾತ್ರ ಕಿಟಕಿಯ ಕಟ್ಟೆಯ ಮೇಲಿದೆ. ಹೋಗುವ ದಿನ ಅವ್ವ ಅದರ ತುಂಬ ಕಡ್ಡಿಗಳಿಗೆ ಹತ್ತಿ ಸುತ್ತಿಟ್ಟು ಹೋಗಿದ್ದಾಳೆ. ದಿನಾ ಬೆಳಿಗ್ಗೆ ಒಂದನ್ನು ತೆಗೆದು, ಹುಣಸೆಕಾಯಿ ನೆನೆಸಿಕೊಂಡು, ನಾಲಿಗೆಯ ಮೇಲೆ ಉರುಳಿಸಿ ನೋಡುತ್ತೇನೆ. ಆಮೇಲೆ ಅದನ್ನು ಡಬ್ಬಿಗೇ ವಾಪಸು ಇಡುತ್ತೇನೆ. ಇಟ್ಟರೆ ತಪ್ಪಿಲ್ಲ. ಅದು ಎಂಜಲೂ ಆಗಿರುವುದಿಲ್ಲ.